ಕವಿಶಿಷ್ಯ ಪಂಜೆ ಮಂಗೇಶರಾಯರು

ದಕ್ಷಿಣ ಕನ್ನಡದಿಂದ ಮುಂಬಯಿ, ಪುಣೆಗಳ ಹೊಟೆಲುಗಳಿಗೆ ಬಂದು ನೆಲಸಿದ ನಮ್ಮವರಲ್ಲಿ, ಬಾಲ್ಯದಲ್ಲಿ ನಾಗರಹಾವಿನ ಪದ್ಯವನ್ನು ಹಾಡದವರು ವಿರಳ. ಅದನ್ನು ರಚಿಸಿದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟವಾಳದಲ್ಲಿ ಜನಿಸಿದರು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಒಂದು ಭಾಷೆಯಲ್ಲಿ ಕೇಳಿದುದನ್ನು ಇನ್ನೊಂದರಲ್ಲಿ ಹೇಳುವುದು ಅವರಿಗೆ ಎಳವೆಯಿಂದಲೇ ರೂಢಿಯಾಗಿದ್ದಿರಬೇಕು.

ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಮಕ್ಕಳು ನಕ್ಕು ನಲಿದು ಓದಬಹುದಾದ ಕನ್ನಡ ಪುಸ್ತಕಗಳು ಆಗ ಬಹು ಕಡಿಮೆ. 1921ರಲ್ಲಿ ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದುದು ಆ ಕೊರತೆಯನ್ನು ನೀಗಲೆಂದೇ.

ಎಲ್ಲವನ್ನೂ ಹೊಸದಾಗಿಯೇ ಹೆಣೆಯಬೇಕೆಂಬ ಹಟ ಅವರಿಗಿರಲಿಲ್ಲ. ಮೂರು ಕರಡಿಗಳ ಕಥೆ ಇಂಗ್ಲೆಂಡಿನದು. 1837ರಲ್ಲಿ ರಾಬರ್ಟ್ ಸದಿ ಎಂಬ ಕವಿ ಅದನ್ನು ಅಚ್ಚು ಮಾಡಿಸಿದಾಗ ಕರಡಿಗಳ ಮನೆಗೆ ನುಗ್ಗಿದವಳು ಒಬ್ಬ ಮುದುಕಿ. ಹದಿಮೂರು ವರ್ಷ ಕಳೆಯುವುದರೊಳಗೆ ಬೇರೊಬ್ಬರ ಕೈಯಲ್ಲಿ ಆ ಮುದುಕಿ ಪುಟ್ಟ ಹುಡುಗಿಯಾದಳು. ಹೀಗೆ ಕೈಯಿಂದ ಕೈಗೆ ಬಂದ ಕಥೆಯನ್ನು ಪಂಜೆಯವರು ಕನ್ನಡದ ಮಕ್ಕಳಿಗೆ ದಾಟಿಸಿದರು. ಹೈದರಾಬಾದಿನಲ್ಲಿರುವ ನಮ್ಮ ಓದುಗರು ತೆಲುಗರ ಏಳು ಮೀನುಗಳ ಕಥೆಯನ್ನು ಕೇಳಿರಬಹುದು. ಒಂದು ಮೀನು ಒಣಗದು. ಏಕೆಂದು ಕೇಳಿದರೆ ತಪ್ಪು ಹುಲ್ಲಿನ ಮೇಲೆ, ಹುಲ್ಲನ್ನು ಕೇಳಿದರೆ ಹಸುವಿನ ಮೇಲೆ, ಕೊನೆಗೆ ಇರುವೆಯವರೆಗೂ ವಿಚಾರಣೆ! ಅಂಥದೇ ಪ್ರಶ್ನೆಯನ್ನು ಪಂಜೆಯವರ ಕಥೆಯಲ್ಲಿ ಸಿಗಡಿಗೆ ಕೇಳಲಾಗಿದೆ. ಅಂಗಳದ ಬಿಸಿಲಿಗೆ ಹರಡಿದ ಸಿಗಡಿಯ ವಾಸನೆಯನ್ನು ಬಲ್ಲ ಕರಾವಳಿಯ ಮಗುವಿಗೆ ಅದು ಪರಕೀಯವಾಗುವುದೆಂತು?

ಇದನ್ನು ಎರವಲೆಂದು ಎಣಿಸುವವರುಂಟು. ನಮಗೆ ಹಾಗೆ ತೋರದು. ಕವಿಶಿಷ್ಯನೆಂಬ ಅಂಕಿತವನ್ನು ಇಟ್ಟುಕೊಂಡವರು ಹಿಂದಿನವರ ಋಣವನ್ನು ಮುಚ್ಚಿಡಲಿಲ್ಲ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಹಾಡುವ ತುಳು ಪಾಡ್ದನವೇ ಅವರ ಕೋಟಿ ಚೆನ್ನಯಕ್ಕೆ ಮೂಲ. ಪಾಡ್ದನದ ರಾಗ ಗದ್ಯದಲ್ಲಿ ಉಳಿಯದು, ನಿಜ. ಆದರೆ ತುಳು ಬಾರದ ಧಾರವಾಡ, ಮೈಸೂರುಗಳ ಹುಡುಗರ ಬಳಿಗೆ ಆ ಅವಳಿ ವೀರರು ಹೋಗಲು ಅದೊಂದು ದಾರಿಯಾಯಿತು.

ದೊಡ್ಡವರಿಗಾಗಿಯೂ ಅವರು ಬರೆದರು. ಕಮಲಾಪುರದ ಹೋಟ್ಲಿನಲ್ಲಿ ಎಂಬ ಸಣ್ಣ ಕಥೆಯನ್ನು ನಮ್ಮ ಹೊಟೆಲು ಬಂಧುಗಳು ಹುಡುಕಿ ಓದಬೇಕು.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ, ಕಡಲ ತೀರದಿಂದ ಬಹು ದೂರದ ಹೈದರಾಬಾದಿನಲ್ಲಿ ತೀರಿಕೊಂಡರು.