ಎದೆಗೆ ಕಿವಿಗೊಟ್ಟ ಡಾಕ್ಟರ್ ಲೆನೆಕ್

ಈ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡು ಎಂದು ಸರ್ ಫೋನ್ ಮಾಡಿದಾಗ ನಾನು ಪೇಶಂಟ್ ಒಬ್ಬರನ್ನು ಲಿಂಗಸುಗೂರಿನ ಆಸ್ಪತ್ರೆಗೆ ಮುಟ್ಟಿಸಿ ಮಸ್ಕಿ ದಾಟಿ ಸಿಂಧನೂರಿಗೆ ವಾಪಸ್ ಬರುತ್ತಿದ್ದೆ. ನಮ್ಮ ಕಾಲೇಜಿನಲ್ಲೇ ಪಿಯುಸಿ ಸೈನ್ಸ್ ಓದಿ, ಆಮೇಲೆ ಜಿಎನ್‌ಎಂ ನರ್ಸಿಂಗ್ ಮುಗಿಸಿ, ಈಗ 108 ಆಂಬುಲೆನ್ಸ್‌ನಲ್ಲಿ ಇಎಂಟಿ ಆಗಿದ್ದೇನೆ. ಈ ಮೂರು ಊರುಗಳನ್ನು ಜೋಡಿಸುವ 150ಎ ಹೆದ್ದಾರಿಯೇ ನನ್ನ ಆಫೀಸು. ಯಾರ ಬಗ್ಗೆ ಬರೆಯಲಿ ಎಂದು ಯೋಚಿಸುತ್ತಿದ್ದಾಗ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಸ್ಟೆತಸ್ಕೋಪ್ ಇತ್ತು. ಅದನ್ನು ಕೊಟ್ಟ ಮನುಷ್ಯನ ಬಗ್ಗೆಯೇ ಬರೆಯುತ್ತೇನೆ ಎಂದೆ.

ರೆನೆ ಲೆನೆಕ್ ಹುಟ್ಟಿದ್ದು 1781ರ ಫೆಬ್ರುವರಿ 17ರಂದು, ಫ್ರಾನ್ಸಿನ ಪಶ್ಚಿಮ ತುದಿಯ ಕ್ಯಾಂಪೇರ್ ಎಂಬ ಊರಲ್ಲಿ. ಐದು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ತಂದೆ ವಕೀಲರು, ಆದರೆ ಮನೆ ಹಿಡಿದು ನಡೆಸುವ ಪೈಕಿ ಅಲ್ಲ. ಮಗು ನೆಂಟರ ಮನೆಗಳಲ್ಲಿ ಬೆಳೆಯಬೇಕಾಯಿತು. ಹನ್ನೆರಡನೇ ವಯಸ್ಸಿಗೆ ನಾಂತ್ ಪಟ್ಟಣದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪನ ಬಳಿ ಬಂದ. ಅದು ಫ್ರೆಂಚ್ ಕ್ರಾಂತಿಯ ಕಾಲ, ಊರಿನಲ್ಲಿ ತಲೆಗಳು ಉರುಳುತ್ತಿದ್ದ ಕಾಲ. ಅಂಥ ದಿನಗಳಲ್ಲಿ ಚಿಕ್ಕಪ್ಪ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದು ಗಾಯ ಕಟ್ಟುವುದನ್ನು ಕಲಿಸಿದರು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದಾಗ ಈ ಹುಡುಗನಿಗೆ ಹದಿನೆಂಟು, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಬಿಡುವಾದಾಗ ಕೊಳಲು ಊದುತ್ತಿದ್ದ. ಈ ಕೊಳಲನ್ನು ನೆನಪಿಡಿ.

1801ರಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅವರ ಶಿಷ್ಯನಾದ. ಎದೆಯ ಮೇಲೆ ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದ ಒಳಗೆ ಗಾಳಿ ಇದೆಯೋ ನೀರು ತುಂಬಿದೆಯೋ ತಿಳಿಯುವ ವಿದ್ಯೆಯನ್ನು ಅವರು ಹೇಳಿಕೊಡುತ್ತಿದ್ದರು. ಅದನ್ನು 1761ರಲ್ಲೇ ಔವೆನ್‌ಬ್ರುಗ್ಗರ್ ಎಂಬ ಆಸ್ಟ್ರಿಯಾದ ವೈದ್ಯ ಬರೆದಿಟ್ಟಿದ್ದ. ಅವನ ಅಪ್ಪ ಪ್ರಯಾಣಿಕರ ಛತ್ರ ನಡೆಸುತ್ತಿದ್ದ. ಪೀಪಾಯಿ ತಟ್ಟಿ ಎಷ್ಟು ತುಂಬಿದೆ ಎಂದು ನೋಡುವುದು ಅಂಥ ಮನೆಯ ಮಕ್ಕಳಿಗೆ ಗೊತ್ತಿರುವ ವಿದ್ಯೆಯೇ. ನಮ್ಮ ಅವ್ವಂದಿರು ಹಗೇವು, ಗಡಿಗೆ ತಟ್ಟಿ ನೋಡುವುದಿಲ್ಲವೇ, ಹಾಗೆ. ಇಬ್ನ್ ಸೀನಾ ನಾಡಿಯ ಬಗ್ಗೆ ಎಷ್ಟೋ ಪುಟ ಬರೆದು ಆಗಲೇ ಎಂಟು ಶತಮಾನ ಹತ್ತಿರ ಬಂದಿತ್ತು. ಬೆರಳಿಗೆ ಇಷ್ಟೆಲ್ಲ ವಿದ್ಯೆ ಬಂದಿದ್ದರೂ ಕಿವಿ ಮಾತ್ರ ಹಿಂದೆಯೇ ಉಳಿದಿತ್ತು. ಎದೆಯ ಸದ್ದು ಕೇಳಬೇಕೆಂದರೆ ವೈದ್ಯ ತನ್ನ ಕಿವಿಯನ್ನೇ ರೋಗಿಯ ಎದೆಗೆ ಒತ್ತಬೇಕಿತ್ತು.

1816ರಲ್ಲಿ ಲೆನೆಕ್ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯ ವೈದ್ಯನಾದ. ಅದೇ ವರ್ಷ ಹೃದಯದ ಕಾಯಿಲೆಯ ಲಕ್ಷಣಗಳಿದ್ದ ಒಬ್ಬ ಯುವತಿ ಅವನ ಬಳಿ ಬಂದಳು. ಮೈ ದಪ್ಪವಾಗಿದ್ದರಿಂದ ತಟ್ಟಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹರೆಯದ ಹೆಣ್ಣುಮಗಳ ಎದೆಗೆ ಕಿವಿ ಇಡಲು ಅವನ ಮನಸ್ಸು ಒಪ್ಪಲಿಲ್ಲ. ಪರೀಕ್ಷೆ ಮಾಡದೆ ಕಳಿಸಲೂ ಮನಸ್ಸಿಲ್ಲ. ಆಗ ನೆನಪಾದದ್ದು ಒಂದು ಸಣ್ಣ ಸಂಗತಿ: ಉದ್ದನೆಯ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿ ಇಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೈಗೆ ಸಿಕ್ಕ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟ. ಬರಿ ಕಿವಿಯಿಂದ ಎಂದೂ ಕೇಳದಷ್ಟು ಸ್ಪಷ್ಟವಾಗಿ ಹೃದಯದ ಬಡಿತ ಕೇಳಿತು.

ಅಂದರೆ ಸ್ಟೆತಸ್ಕೋಪ್ ಹುಟ್ಟಿದ್ದೇ ಹಯಾದಿಂದ. ಇದನ್ನು ಓದಿದಾಗ ನನಗೆ ಕಳೆದ ಚಳಿಗಾಲದ ಒಂದು ರಾತ್ರಿ ನೆನಪಾಯಿತು. ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಒಂದು ಹಳ್ಳಿ. ವಯಸ್ಸಾದ ತಾಯಿಯೊಬ್ಬರು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಸುತ್ತ ಹೆಣ್ಣುಮಕ್ಕಳು, ಬಾಗಿಲಲ್ಲಿ ಮಗ. ನಾನು ಹತ್ತಿರ ಹೋದಂತೆ ಆ ಅಮ್ಮಿ ಅಷ್ಟು ಸಂಕಟದಲ್ಲೂ ಸೆರಗು ಬಿಗಿ ಹಿಡಿದರು. ಜಗಳ ಮಾಡಲು ಅದು ಸಮಯವಲ್ಲ. ಕಿವಿಗೆ ನಾನು ಹಾಕಿಕೊಂಡು, ಇನ್ನೊಂದು ತುದಿಯ ಬಿಲ್ಲೆಯನ್ನು ಸೊಸೆಯ ಕೈಗೆ ಕೊಟ್ಟೆ. ಭಾಭಿ, ಬಟ್ಟೆ ಒಳಗಿಂದ ಬೆನ್ನಿಗೆ ಇಡ್ರಿ, ಇನ್ನ ಸ್ವಲ್ಪ ಕೆಳಗೆ, ಈಗ ಆ ಕಡೆ ಎಂದೆ. ಬಟ್ಟೆಯ ಮೇಲಿಟ್ಟರೆ ಉಜ್ಜಿದ ಸದ್ದೇ ಕೇಳುತ್ತದೆ, ಚರ್ಮಕ್ಕೇ ತಾಗಬೇಕು. ಎರಡೂ ಕಡೆ ಬೆನ್ನಿನ ಕೆಳಗೆ ಚಿಟಪಟ ಕೇಳಿತು. ಕೂರಿಸಿಯೇ ಇಟ್ಟು, ಆಕ್ಸಿಜನ್ ಹಾಕಿ, ಕಾಲ್ ಸೆಂಟರಿನ ಡಾಕ್ಟರಿಗೆ ಕೇಳಿದ್ದನ್ನು ಹೇಳಿ, ಅವರು ಹೇಳಿದಂತೆ ಮಾಡುತ್ತ ಲಿಂಗಸುಗೂರು ಸೇರಿದೆವು. ಕೆಲವು ದಿನ ಬಿಟ್ಟು ಮಗ ಫೋನ್ ಮಾಡಿ, ಅಮ್ಮಿ ರೊಟ್ಟಿ ತಿಂದರು ಎಂದ.

ಆ ಚಿಟಪಟಕ್ಕೆ ಹೆಸರು ಕೊಟ್ಟವನೂ ಲೆನೆಕ್‌ನೇ. ಬಿಸಿ ಪಾತ್ರೆಯಲ್ಲಿ ಉಪ್ಪು ಸಿಡಿದ ಹಾಗೆ ಎಂದು ಅದನ್ನು ಹೋಲಿಸಿದ್ದ. ಇನ್ನೊಂದು ಸದ್ದನ್ನು ಪಾರಿವಾಳದ ಗುಟುರಿಗೆ ಹೋಲಿಸಿದ. ಮೂರು ವರ್ಷ ಅವನು ಮಾಡಿದ ಕೆಲಸ ಇದೇ: ರೋಗಿ ಬದುಕಿದ್ದಾಗ ಎದೆಯಲ್ಲಿ ಏನು ಕೇಳಿತು ಎಂದು ಬರೆದುಕೊಳ್ಳುವುದು, ರೋಗಿ ತೀರಿಕೊಂಡರೆ ಶವಪರೀಕ್ಷೆ ಮಾಡಿ ಆ ಜಾಗದಲ್ಲಿ ಏನಿತ್ತು ಎಂದು ನೋಡುವುದು. ಉಪಕರಣ ಮಾಡಿದ್ದಕ್ಕಿಂತ ಇದೇ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ. ನಳಿಗೆ ಯಾರಾದರೂ ಮಾಡಿಯಾರು, ಕೇಳಿದ್ದಕ್ಕೆ ಅರ್ಥ ಹಚ್ಚುವವರು ಬೇಕಲ್ಲ. ಸಿಂಧನೂರು ಸೀಮೆಯಲ್ಲಿ ಭತ್ತದ ಗದ್ದೆಗೆ ಎಣ್ಣೆ ಹೊಡೆಯುವಾಗ ವಿಷ ಏರಿದವರನ್ನು ಗಾಡಿಗೆ ಹಾಕಿಕೊಂಡಾಗ, ಎದೆಯಲ್ಲಿ ಗುಳುಗುಳು ಕೇಳಿದರೆ ಶ್ವಾಸನಾಳದಲ್ಲಿ ನೀರಾಡುತ್ತಿದೆ ಎಂದು ನನಗೆ ಗೊತ್ತಾಗುವುದು ಆ ಮೂರು ವರ್ಷದ ಪುಣ್ಯದಿಂದ.

ಸ್ಟೆತಸ್ಕೋಪ್ ಆರಿಸುವ ಕೆಲಸವನ್ನೂ ಮೊದಲು ಮಾಡಿದವನು ಅವನೇ. ಗಾಜು, ಲೋಹ, ಮರ, ಬೆತ್ತ ಎಲ್ಲದರಲ್ಲೂ ಮಾಡಿ ನೋಡಿದ. ಗಟ್ಟಿ ವಸ್ತುವಿನಲ್ಲಿ ಸದ್ದು ಚೆನ್ನಾಗಿ ಹರಿಯಬೇಕು ಎಂದುಕೊಂಡಿದ್ದ, ಹಾಗಾಗಲಿಲ್ಲ. ಗಾಜು, ಲೋಹ ಭಾರ, ಚಳಿಗಾಲದಲ್ಲಿ ರೋಗಿಯ ಮೈಗೆ ತಣ್ಣಗೆ ಚುಚ್ಚುತ್ತವೆ. ಕೊನೆಗೆ ಹಗುರ ಮರವೇ ಒಳ್ಳೆಯದೆಂದು ಕಂಡಿತು. ಕೊಳಲು ಬಲ್ಲ ಕೈ, ತಾನೇ ಚರಕಿ ಯಂತ್ರ ಇಟ್ಟುಕೊಂಡು ಸುಮಾರು ಒಂದು ಅಡಿ ಉದ್ದದ ನಳಿಗೆಗಳನ್ನು ಕಡೆದ. ಅದನ್ನು ಎರಡು ತುಂಡಾಗಿ ಬಿಚ್ಚಬಹುದಿತ್ತು. ಗ್ರೀಕ್ ಭಾಷೆಯ ಎದೆ ಮತ್ತು ನೋಡು ಎಂಬ ಎರಡು ಪದ ಸೇರಿಸಿ ಸ್ಟೆತಸ್ಕೋಪ್ ಎಂದು ಹೆಸರಿಟ್ಟ. ಎರಡು ಕಿವಿಗೂ ಹಾಕುವ ಇಂದಿನ ಮಾದರಿ ಬಂದದ್ದು 1850ರ ದಶಕದಲ್ಲಿ, ಅವನ ಕಾಲದ ಮೇಲೆ.

ನಾನು ಅವನಷ್ಟು ಜಾಣ ಅಲ್ಲ. ಮೊದಲನೆಯದನ್ನು ಬಣ್ಣ ಚೆಂದ ಇದೆ ಎಂದು ಕೊಂಡೆ. ತೆಳು ಟ್ಯೂಬು, ಕಿವಿಯಲ್ಲಿ ಸಡಿಲ. ಸೈರನ್, ಇಂಜಿನ್ ಎಲ್ಲ ಒಳಗೆ ಬಂದು ರೋಗಿಯ ಉಸಿರು ಮಾತ್ರ ಬರುತ್ತಿರಲಿಲ್ಲ. ಅದನ್ನೂ ಮೇ ತಿಂಗಳ ಬಿಸಿಲಲ್ಲಿ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟೆ. ಕೆಲವೇ ವಾರದಲ್ಲಿ ಟ್ಯೂಬು ಬಿರುಸಾಗಿ ಸೀಳಿತು. ಈಗಿನದು ದಪ್ಪ ಟ್ಯೂಬಿನದು, ಕಿವಿಯ ಬುಗುಟು ಮೆತ್ತಗಿದ್ದು ಬಿಗಿಯಾಗಿ ಕೂರುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ನನ್ನ ಎದೆಗೆ ಇಟ್ಟು ಕೇಳಿದೆ. ಪ್ರತಿ ರೋಗಿಯಾದ ಮೇಲೆ ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇನೆ, ನೀರಲ್ಲಿ ಅದ್ದುವುದಿಲ್ಲ. ಬೆವರಿನ ಎಣ್ಣೆಗೆ ಟ್ಯೂಬು ಗಡುಸಾಗುತ್ತದೆ, ಹಾಗಾಗಿ ಕಾಲರ್ ಮೇಲೆಯೇ ಹಾಕಿಕೊಳ್ಳುವುದು. ಕಿವಿಗೆ ಹಾಕುವಾಗ ಕಡ್ಡಿಗಳು ಮುಂದಕ್ಕೆ, ಮೂಗಿನ ಕಡೆ ಬಾಗಿರಬೇಕು. ಒಮ್ಮೆ ಅವಸರದಲ್ಲಿ ತಿರುವುಮುರುವು ಹಾಕಿಕೊಂಡು, ಏನೂ ಕೇಳದೆ ನನ್ನ ಎದೆಯೇ ಧಸಕ್ಕೆಂದಿತ್ತು.

1819ರಲ್ಲಿ ಲೆನೆಕ್‌ನ ಪುಸ್ತಕ ಎರಡು ಸಂಪುಟಗಳಲ್ಲಿ ಬಂತು. ಕೊಂಡವರು ಇನ್ನು ಸ್ವಲ್ಪ ಹಣ ಕೊಟ್ಟರೆ ಒಂದು ಮರದ ಸ್ಟೆತಸ್ಕೋಪೂ ಸಿಗುತ್ತಿತ್ತು. ನಕ್ಕವರೂ ಇದ್ದರು, ದೂರ ದೇಶಗಳಿಂದ ಕಲಿಯಲು ಬಂದವರೂ ಇದ್ದರು. ಅವನ ಒಂದು ನಡವಳಿಕೆ ನನಗೆ ಬಹಳ ಹಿಡಿಸಿತು. ಎದೆಯ ಸದ್ದಿಗೆ ಅವನು ಬಳಸಿದ ಫ್ರೆಂಚ್ ಪದ, ಜನರ ಬಾಯಲ್ಲಿ ಸಾಯುವವರ ಗಂಟಲ ಗೊರಗೊರಕ್ಕೂ ಇದ್ದ ಪದ. ರೋಗಿ ಕೇಳಿ ಹೆದರಬಾರದೆಂದು ಹಾಸಿಗೆಯ ಬಳಿ ಅದರ ಬದಲು ಲ್ಯಾಟಿನ್ ಪದ ಹೇಳುತ್ತಿದ್ದ. ಗಾಡಿಯಲ್ಲಿ ಡಾಕ್ಟರಿಗೆ ಫೋನಲ್ಲಿ ವರದಿ ಹೇಳುವಾಗ ಪಕ್ಕದಲ್ಲೇ ಮನೆಯವರು ನನ್ನ ಬಾಯನ್ನೇ ನೋಡುತ್ತ ಕೂತಿರುತ್ತಾರೆ, ಅದಕ್ಕೇ ಇದು ನೆನಪಾಗುತ್ತದೆ.

ಅವನ ಮೈ ಮೊದಲಿನಿಂದಲೂ ಗಟ್ಟಿಯಲ್ಲ. ದೊಡ್ಡ ಹುದ್ದೆಗಳು ಬಂದವು, 1824ರಲ್ಲಿ ಮದುವೆಯಾಯಿತು, ಅಷ್ಟರಲ್ಲಿ ಕೆಮ್ಮು ಜ್ವರ ಬಿಡಲಿಲ್ಲ. 1826ರಲ್ಲಿ ತನ್ನ ಎದೆಯನ್ನು ಕೇಳಲು ವೈದ್ಯನಾಗಿದ್ದ ಬಳಗದ ಹುಡುಗ ಮೇರಿಯಾದೆಕ್‌ಗೆ ಹೇಳಿದ. ಹುಡುಗ ಸ್ಟೆತಸ್ಕೋಪ್ ಇಟ್ಟು ಕೇಳಿದ್ದನ್ನು ಹೇಳಿದ. ಆ ಸದ್ದಿನ ಅರ್ಥ ಇಡೀ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಹಾಸಿಗೆಯಲ್ಲಿ ಮಲಗಿದ್ದವನಿಗೇ. ಅದು ಕ್ಷಯ, ಅವನು ಜೀವಮಾನವೆಲ್ಲ ಬೆನ್ನು ಹತ್ತಿದ್ದ ರೋಗ. ಊರಿನ ಕಡಲ ಗಾಳಿಗೆ ವಾಪಸ್ ಹೋಗಿ, ಆಗಸ್ಟ್ 13ರಂದು, ನಲವತ್ತೈದನೇ ವಯಸ್ಸಿಗೆ ತೀರಿಕೊಂಡ. ತನ್ನ ಸ್ಟೆತಸ್ಕೋಪನ್ನು ಮೇರಿಯಾದೆಕ್‌ಗೆ ಬಿಟ್ಟುಹೋಗಿದ್ದ.