ಡಾ. ಎಚ್. ನರಸಿಂಹಯ್ಯ

ಮುಳಬಾಗಿಲು ತಾಲ್ಲೂಕಿನ ಆವನಿ ಪುರಾತನವಾದ ಕ್ಷೇತ್ರ. ಊರಿನಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳ ಸಮುಚ್ಚಯವಿದೆ. ಬೆಟ್ಟದ ಮೇಲೆ ವಾಲ್ಮೀಕಿ ಮಹರ್ಷಿಗಳ ಆಶ್ರಮವಿತ್ತೆಂದೂ ಲವಕುಶರು ಅಲ್ಲಿಯೇ ಜನಿಸಿದರೆಂದೂ ಜನರ ನಂಬಿಕೆ. ಅಲ್ಲಿನ ಬಂಡೆಗಳ ನಡುವೆ ಗಾಳಿ ನುಗ್ಗಿದಾಗ ಏಳುವ ಸದ್ದು ಒಮ್ಮೊಮ್ಮೆ ಯಾರೋ ಕರೆದಂತೆ ಕೇಳುತ್ತದೆ. ನಾನು ಉಪಾಧ್ಯಾಯನಾದ ಹೊಸತರಲ್ಲಿ, 1980ರ ದಶಕದ ಕೊನೆಯಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳನ್ನು ಆ ಬೆಟ್ಟಕ್ಕೆ ಕರೆದೊಯ್ದಿದ್ದೆ. ಹಕ್ಕಿಗಳ ಕೂಗನ್ನು ಹಿಡಿದಿಡಲೆಂದು ಶಾಲೆಯ ಟೇಪ್ ರೆಕಾರ್ಡರನ್ನೂ ಒಯ್ದಿದ್ದೆವು. ಮರುದಿನ ತರಗತಿಯಲ್ಲಿ ಕ್ಯಾಸೆಟ್ಟನ್ನು ಹಾಕಿದಾಗ ಗಾಳಿಯ ಮೊರೆತದ ನಡುವೆ ಒಂದು ಸಣ್ಣ ದನಿ ಕೇಳಿಬಂದಿತು. ಕೆಲವೇ ದಿನಗಳ ಹಿಂದೆ ಅಜ್ಜಿಯನ್ನು ಕಳೆದುಕೊಂಡಿದ್ದ ಹುಡುಗನೊಬ್ಬನು, ಅಜ್ಜಿಯೇ ತನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆಂದು ಅಳತೊಡಗಿದನು. ಅವನು ಹೇಳಿದ ಮೇಲೆ ಎಲ್ಲ ಮಕ್ಕಳಿಗೂ ಹಾಗೆಯೇ ಕೇಳಿಸಿತು. ನಿಜ ಹೇಳಬೇಕೆಂದರೆ, ನನಗೂ ಕೇಳಿಸಿತು.

ಆ ರಾತ್ರಿ ನನಗೆ ನೆನಪಾದವರು ನಮ್ಮ ಜಿಲ್ಲೆಯವರೇ ಆದ ಡಾ. ಎಚ್. ನರಸಿಂಹಯ್ಯನವರು.

ನರಸಿಂಹಯ್ಯನವರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಒಂದು ಬಡ ಕುಟುಂಬದಲ್ಲಿ ಜನಿಸಿದರು. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಆ ಊರು ಅಂದು ಕೋಲಾರ ಜಿಲ್ಲೆಯಲ್ಲಿತ್ತು. ಹಳ್ಳಿಯ ಓದು ಮುಗಿದಾಗ ಮುಂದೆ ಓದುವ ಹಂಬಲವಿತ್ತು, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಆ ಬಾಲಕನು ಕಾಲ್ನಡಿಗೆಯಲ್ಲಿಯೇ ಬೆಂಗಳೂರನ್ನು ತಲುಪಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಮರುವರ್ಷ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಿರುಗಿಸುವ ಭಾಗ್ಯ ಇವರದಾಯಿತು. 1942ರಲ್ಲಿ ಚಲೇಜಾವ್ ಚಳವಳಿಯ ಕರೆ ಬಂದಾಗ ಓದನ್ನು ಬದಿಗಿಟ್ಟು ಸೆರೆಮನೆ ಸೇರಿದರು. ಅನಂತರ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕೆಯ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರವನ್ನು ಅಭ್ಯಸಿಸಿ 1960ರಲ್ಲಿ ಡಾಕ್ಟರೇಟ್ ಪಡೆದರು.

ಆ ಶಾಸ್ತ್ರದ ಒಂದು ಮೊದಲ ಪಾಠವನ್ನು ಇಲ್ಲಿ ಹೇಳಬೇಕು. ವಿಕಿರಣವನ್ನು ಎಣಿಸುವ ಯಂತ್ರದ ಮುಂದೆ ಯಾವ ವಸ್ತುವನ್ನು ಇಡದಿದ್ದರೂ ಅದು ಆಗಾಗ ಟಿಕ್ ಎನ್ನುತ್ತಲೇ ಇರುತ್ತದೆ. ಆಕಾಶದಿಂದ ಬರುವ ಕಿರಣಗಳು, ನೆಲದ ಕಲ್ಲುಮಣ್ಣುಗಳಲ್ಲಿನ ವಿಕಿರಣ ಅದಕ್ಕೆ ಕಾರಣ. ಆದುದರಿಂದ ವಿಜ್ಞಾನಿಯು ಮೊದಲು ಬರಿದಾದ ಯಂತ್ರದ ಎಣಿಕೆಯನ್ನು ಬರೆದಿಟ್ಟುಕೊಂಡು, ಬಳಿಕ ಬಂದ ಎಣಿಕೆಯಿಂದ ಅದನ್ನು ಕಳೆಯುತ್ತಾನೆ. ಹಾಗೆ ಮಾಡದವನು ಏನೂ ಇಲ್ಲದೆಡೆಯಲ್ಲಿ ಏನನ್ನೋ ಕಂಡುಬಿಡುತ್ತಾನೆ.

ಸ್ವದೇಶಕ್ಕೆ ಮರಳಿದ ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಸಾಮಾನ್ಯ ಜನರಿಗೂ ವಿಜ್ಞಾನವನ್ನು ಮುಟ್ಟಿಸಲು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಅನ್ನು ಆರಂಭಿಸಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆ ಅವಧಿಯಲ್ಲಿ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿ ತಾವೇ ಅಧ್ಯಕ್ಷರಾದರು. ವಿಶ್ವವಿದ್ಯಾನಿಲಯಕ್ಕೆ ಈ ಕೆಲಸವೇಕೆಂದು ಅನೇಕರು ಕೋಪಗೊಂಡರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಕುಲಪತಿಗಳೇ ಪತ್ರ ಬರೆದು, ಸಮಿತಿಯ ಎದುರಿನಲ್ಲಿ ಪವಾಡಗಳನ್ನು ತೋರಿಸಬೇಕೆಂದು ಕೋರಿದರು. ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಪಾಂಡವಪುರದಲ್ಲಿ ಚಿಕ್ಕ ಹುಡುಗನೊಬ್ಬನು ಬರಿಗೈಯಿಂದ ವಿಭೂತಿ ಬರಿಸುತ್ತಾನೆಂಬ ಸುದ್ದಿ ಹಬ್ಬಿದಾಗ ಸಮಿತಿಯವರು ಅಲ್ಲಿಗೆ ಹೋದರು. ವಿಭೂತಿಯು ಅವನ ಉಡುಪಿನೊಳಗೇ ಅಡಗಿದ್ದುದು ಗೊತ್ತಾಯಿತು. ಆ ಎಳೆಯನನ್ನು ದೂಷಿಸಲು ನನಗಂತೂ ಮನಸ್ಸು ಬಾರದು. ಅಷ್ಟು ಚಿಕ್ಕ ಮಗುವಿಗೆ ಅದನ್ನು ಕಲಿಸಿದವರು ದೊಡ್ಡವರೇ ಇರಬೇಕು.

ಇಷ್ಟೆಲ್ಲ ಪದವಿಗಳನ್ನು ಏರಿದರೂ ನರಸಿಂಹಯ್ಯನವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಖಾದಿಯ ಉಡುಪು, ತಲೆಯ ಮೇಲೊಂದು ಗಾಂಧಿ ಟೋಪಿ, ವಾಸಕ್ಕೆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿ. 1984ರಲ್ಲಿ ಪದ್ಮಭೂಷಣ ಬಂದಾಗಲೂ ಅವರು ಅದೇ ಕೊಠಡಿಯ ನಿವಾಸಿ. 2005ರ ಜನವರಿ 31ರಂದು ಅವರು ನಿಧನರಾದರು.

ಆವನಿಯ ಕ್ಯಾಸೆಟ್ಟಿನ ಮಾತಿಗೆ ಮರಳುತ್ತೇನೆ. ಇಂತಹ ದನಿಗಳನ್ನು ಕೇಳಿದವರು ನಾವೇ ಮೊದಲಿಗರಲ್ಲ. 1959ರಲ್ಲಿ ಸ್ವೀಡನ್ನಿನ ಯೂರ್ಗೆನ್ಸನ್ ಎಂಬ ಕಲಾವಿದರು ಹಕ್ಕಿಗಳ ಹಾಡನ್ನು ಟೇಪಿನಲ್ಲಿ ಹಿಡಿದಾಗ ಅದರಲ್ಲಿ ಮನುಷ್ಯರ ದನಿಯೂ ಕೇಳಿಸಿತಂತೆ. ಲಾಟ್ವಿಯ ದೇಶದಲ್ಲಿ ಹುಟ್ಟಿದ ರೌಡಿವೆ ಎಂಬವರು ಅಂತಹ ಸಾವಿರಾರು ದನಿಗಳನ್ನು ಸಂಗ್ರಹಿಸಿ, ಅವು ಸತ್ತವರ ಮಾತುಗಳೆಂದು 1968ರಲ್ಲಿ ಗ್ರಂಥವನ್ನೇ ಬರೆದರು. ದಾರಿತಪ್ಪಿ ಬಂದ ರೇಡಿಯೊ ದನಿ, ಯಂತ್ರದ ಗೊರಗೊರ ಸದ್ದು, ಅದರೊಳಗೆ ತನಗೆ ಬೇಕಾದ ಮಾತನ್ನು ಹೆಣೆದುಕೊಳ್ಳುವ ನಮ್ಮ ಮನಸ್ಸು—ಇವೇ ಅದಕ್ಕೆ ಕಾರಣವೆಂದು ಪರೀಕ್ಷಿಸಿದ ವಿಜ್ಞಾನಿಗಳ ಅಭಿಪ್ರಾಯ.

ನಾನು ಕುಲಪತಿಗಳ ದಾರಿಯನ್ನೇ ಹಿಡಿದೆ. ಬೆಟ್ಟಕ್ಕೆ ಬಾರದಿದ್ದ ಹತ್ತನೆಯ ತರಗತಿಯವರನ್ನು ಕೂರಿಸಿ, ಏನನ್ನೂ ಹೇಳದೆ ಕ್ಯಾಸೆಟ್ಟನ್ನು ಹಾಕಿ, ಕೇಳಿಸಿದುದನ್ನು ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯಿರೆಂದೆ. ಹೆಚ್ಚಿನವರು ಗಾಳಿಯೆಂದು ಬರೆದಿದ್ದರು. ಒಬ್ಬನಿಗೆ ಕುರಿ ಕಾಯುವವನ ಕೂಗು ಕೇಳಿಸಿತ್ತು, ಇನ್ನೊಬ್ಬಳಿಗೆ ಮಗುವಿನ ಅಳು. ಆ ಹುಡುಗನ ಹೆಸರು ಒಂದು ಚೀಟಿಯಲ್ಲಿಯೂ ಇರಲಿಲ್ಲ. ಅವನನ್ನು ಕರೆದು ಚೀಟಿಗಳನ್ನು ಕೊಟ್ಟೆ. ಒಂದೊಂದನ್ನೂ ಓದಿ ಮಡಿಸಿಟ್ಟನು. ಆ ಮೇಲೆ ಕ್ಯಾಸೆಟ್ಟನ್ನು ಇನ್ನೊಂದು ಸಲ ಹಾಕಬೇಕೆಂದು ಕೇಳಿದನು. ಹಾಕಿದೆ. ಇಬ್ಬರೂ ಕುಳಿತು ಕೊನೆಯವರೆಗೂ ಗಾಳಿಯ ಸದ್ದನ್ನು ಕೇಳಿದೆವು.