ನಾಜಿಗಳ ಕಣ್ಣು ತಪ್ಪಿಸಿ ಹಾಡು ಉಳಿಸಿದ ಕವಿ: ವಿಲ್ನಾದ ಶ್ಮೆರ್ಕೆ ಕಚೆರ್ಗಿನ್ಸ್ಕಿ ಯಾರು?

1943ರಲ್ಲಿ ವಿಲ್ನಾ ನಗರದ ಘೆಟ್ಟೋದಲ್ಲಿ ಒಂದು ಸಂಗೀತ ಸ್ಪರ್ಧೆ ನಡೆಯಿತು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಇಕ್ಕಟ್ಟಿನ ಗಲ್ಲಿಗಳವು. ಗೇಟಿನಲ್ಲಿ ಕಾವಲು, ಒಳಗೆ ಹಸಿವು. ಅಂಥ ಜಾಗದಲ್ಲಿ ಬಹುಮಾನ ಗೆದ್ದ ರಾಗ 11 ವರ್ಷದ ಹುಡುಗ ಅಲೆಕ್ ವೊಲ್ಕೊವಿಸ್ಕಿಯದು. ಅದಕ್ಕೆ ಯಿಡ್ಡಿಷ್ ಪದಗಳನ್ನು ಕೂಡಿಸಿದವರು ಶ್ಮೆರ್ಕೆ ಕಚೆರ್ಗಿನ್ಸ್ಕಿ. ಕೇಳಲು ಅದು ಜೋಗುಳ. ಆದರೆ ಒಳಗಿರುವುದು ಪೊನಾರ್ ಕಾಡಿನ ಕಥೆ. ವಿಲ್ನಾದ ಹೊರವಲಯದ ಆ ಕಾಡಿನ ಗುಂಡಿಗಳ ಅಂಚಿನಲ್ಲಿ ನಿಲ್ಲಿಸಿ ಸುಮಾರು 70,000 ಯಹೂದಿಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಯಿಡ್ಡಿಷ್ ಎಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಬರೆಯುವುದು ಹೀಬ್ರೂ ಲಿಪಿಯಲ್ಲಿ, ಬೇರು ಜರ್ಮನ್‌ನಲ್ಲಿ. ಈ ಭಾಷೆಯಲ್ಲಿ ಫ್ಯಾಸಿಸಂ ವಿರುದ್ಧ ಹುಟ್ಟಿದ ಹಾಡುಗಳನ್ನು ಇಂದು ಜಗತ್ತು ಹಾಡುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಕಚೆರ್ಗಿನ್ಸ್ಕಿ. ಅವರು ಹಾಡು ಬರೆದರು, ಬಂದೂಕು ಹಿಡಿದರು, ಬದುಕುಳಿದ ಮೇಲೆ ಊರೂರು ಸುತ್ತಿ ಬೇರೆಯವರ ಹಾಡುಗಳನ್ನೂ ಬರೆದುಕೊಂಡರು.

ಅನಾಥ ಹುಡುಗ, ಕಲ್ಲಚ್ಚಿನ ಕೆಲಸ

ಕಚೆರ್ಗಿನ್ಸ್ಕಿ ಹುಟ್ಟಿದ್ದು 1908ರಲ್ಲಿ, ವಿಲ್ನಾದಲ್ಲೇ. ಇಂದು ಲಿಥುವೇನಿಯಾದ ರಾಜಧಾನಿಯಾಗಿರುವ ವಿಲ್ನಿಯಸ್ ಅದು. ಮೊದಲ ಮಹಾಯುದ್ಧದ ಹೊತ್ತಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಬೆಳೆದದ್ದು ಸಮುದಾಯದ ಅನಾಥಾಲಯದಲ್ಲಿ. ಹಗಲು ಕಲ್ಲಚ್ಚಿನ ಮುದ್ರಣಾಲಯದಲ್ಲಿ ಕೆಲಸ, ರಾತ್ರಿ ಶಾಲೆ. ಎಡಪಂಥೀಯ ಚಟುವಟಿಕೆಗಾಗಿ ಪೋಲಿಷ್ ಪೊಲೀಸರು ಬಂಧಿಸಿದ್ದೂ ಉಂಟು. ಇನ್ನೂ ಹದಿಹರೆಯದಲ್ಲೇ ಬರೆದ ಒಂದು ಹೋರಾಟದ ಹಾಡು ಪೋಲೆಂಡಿನ ಯಹೂದಿ ಕಾರ್ಮಿಕರ ಬಾಯಲ್ಲಿ ಹರಡಿತು.

ಮುಂದೆ ಅವರು 'ಯುಂಗ್ ವಿಲ್ನೆ' ಎಂಬ ಯುವ ಬರಹಗಾರರ ಬಳಗ ಸೇರಿದರು. ಗೆಳೆಯ ಅಬ್ರಹಾಂ ಸುಟ್ಸ್‌ಕೆವರ್ ಅಲ್ಲಿನ ದೊಡ್ಡ ಕವಿ. ಕಚೆರ್ಗಿನ್ಸ್ಕಿ ಅಷ್ಟು ದೊಡ್ಡ ಕವಿಯಲ್ಲ. ಆದರೆ ಸಭೆ ಕೂಡಿಸುವುದು, ಪತ್ರಿಕೆ ತರುವುದು, ಕೂತವರನ್ನೆಲ್ಲ ಹಾಡಿಸುವುದು ಇವರ ಕೆಲಸ. ಆ ಗುಣವೇ ಮುಂದೆ ಬೇಕಾಯಿತು.

1941ರ ಜೂನ್‌ನಲ್ಲಿ ಜರ್ಮನ್ ಸೇನೆ ವಿಲ್ನಾಕ್ಕೆ ನುಗ್ಗಿತು. ಬಾಯಿ ತೆರೆದರೆ ಉಚ್ಚಾರಣೆಯೇ ಹಿಡಿದುಕೊಡುತ್ತಿತ್ತು. ಹಾಗಾಗಿ ಕಚೆರ್ಗಿನ್ಸ್ಕಿ ಕಿವುಡ ಮೂಗನ ವೇಷ ಹಾಕಿ ಕೆಲವು ತಿಂಗಳು ಹಳ್ಳಿಗಳಲ್ಲಿ ಅಲೆದರು. ಮಾತು, ಹಾಡೇ ಬದುಕಾಗಿದ್ದ ಮನುಷ್ಯ ತಿಂಗಳುಗಟ್ಟಲೆ ಒಂದು ಮಾತೂ ಆಡದೆ ಇದ್ದದ್ದು ಹೇಗೋ! 1942ರಲ್ಲಿ ಅವರು ಘೆಟ್ಟೋ ಸೇರಿದರು.

ಹಿಟ್ಟಿನ ಬದಲು ಹಸ್ತಪ್ರತಿ

ವಿಲ್ನಾದಲ್ಲಿ 'ಯಿವೋ' ಎಂಬ ಯಿಡ್ಡಿಷ್ ಸಂಶೋಧನಾ ಸಂಸ್ಥೆ 1925ರಿಂದ ಇತ್ತು. ಅದರ ಕಟ್ಟಡ ಘೆಟ್ಟೋದ ಹೊರಗಿತ್ತು. ನಾಜಿ ಸಿದ್ಧಾಂತಿ ಆಲ್ಫ್ರೆಡ್ ರೋಸೆನ್‌ಬರ್ಗ್‌ನ ಇಲಾಖೆ ಅದನ್ನು ವಶಪಡಿಸಿಕೊಂಡಿತು. ಆಯ್ದ ಪುಸ್ತಕಗಳನ್ನು ಜರ್ಮನಿಗೆ ಕಳಿಸುವುದು, ಸುಮಾರು 70 ಶೇಕಡಾ ಪುಸ್ತಕಗಳನ್ನು ಕಾಗದದ ಗಿರಣಿಗೆ ಹಾಕಿ ರದ್ದಿ ಮಾಡುವುದು ಯೋಜನೆ. ವಿಂಗಡಿಸಲು ಓದುಬರಹ ಬಲ್ಲ ಯಹೂದಿಗಳೇ ಬೇಕಲ್ಲ? ಹಾಗೆ ಕಚೆರ್ಗಿನ್ಸ್ಕಿ, ಸುಟ್ಸ್‌ಕೆವರ್ ಮತ್ತಿತರರು ಆ ಕೆಲಸಕ್ಕೆ ಸೇರಿದರು. ಗೇಟಿನ ಕಾವಲುಗಾರರು ಇವರಿಗೆ ಇಟ್ಟ ಅಡ್ಡಹೆಸರು 'ಕಾಗದದ ಪಡೆ'.

ಸಂಜೆ ಘೆಟ್ಟೋಗೆ ಮರಳುವಾಗ ಇವರು ಹಸ್ತಪ್ರತಿಗಳನ್ನು ಮೈಗೆ ಕಟ್ಟಿಕೊಂಡು, ಬಟ್ಟೆಯೊಳಗೆ ತುರುಕಿಕೊಂಡು ಗೇಟು ದಾಟುತ್ತಿದ್ದರು. ಸಿಕ್ಕಿಬಿದ್ದರೆ ಹೊಡೆತ, ಇಲ್ಲವೇ ಪೊನಾರ್. ಥಿಯೋಡರ್ ಹರ್ಜಲ್ ಅವರ ದಿನಚರಿ, ಶೋಲೆಮ್ ಅಲೆಖೆಮ್ ಅವರ ಪತ್ರಗಳು ಹೀಗೆ ಉಳಿದವು. ಬೇರೆಯವರು ಹೊರಗಿನಿಂದ ಹಿಟ್ಟು, ಆಲೂಗಡ್ಡೆ ಕದ್ದು ತರುವಾಗ ಇವರೇಕೆ ಕಾಗದಕ್ಕೆ ಜೀವ ಪಣಕ್ಕಿಡುತ್ತಾರೆ ಎಂದು ಘೆಟ್ಟೋದಲ್ಲಿ ಹಲವರಿಗೆ ಅಚ್ಚರಿ, ಸಿಟ್ಟು ಎರಡೂ ಇತ್ತು. ಸುಲಭವಾಗಿ ಉತ್ತರಿಸುವ ಪ್ರಶ್ನೆ ಅದಲ್ಲ. ಹಸಿದ ಮಗುವಿನ ಮುಂದೆ ಹಳೇ ಪತ್ರಕ್ಕೆ ಏನು ಬೆಲೆ?

ಕಾಗದದ ಜೊತೆ ಬೇರೆಯದೂ ಗೇಟು ದಾಟಿತು. 1942ರ ಜನವರಿಯಲ್ಲಿ ಘೆಟ್ಟೋದೊಳಗೆ ಎಫ್‌ಪಿಒ ಎಂಬ ಗುಪ್ತ ಸಶಸ್ತ್ರ ಸಂಘಟನೆ ಹುಟ್ಟಿತ್ತು. ಅದರ ಸದಸ್ಯರಾಗಿದ್ದ ಕಚೆರ್ಗಿನ್ಸ್ಕಿ ಮತ್ತು ಗೆಳೆಯರು ಆಯುಧಗಳನ್ನೂ ಒಳಗೆ ಸಾಗಿಸಿದರು.

ಹಾಡು ಹುಟ್ಟಿದ ಬಗೆ

1943ರ ಏಪ್ರಿಲ್‌ನಲ್ಲಿ ಕಚೆರ್ಗಿನ್ಸ್ಕಿ ಅವರ ಪತ್ನಿ ಬಾರ್ಬರಾ ತೀರಿಕೊಂಡರು. ಆ ದುಃಖದಲ್ಲಿ 'ವಸಂತ' ಎಂಬ ಹಾಡು ಬಂತು. ರಾಗ ಹಾಕಿದವರು ಅಬ್ರಹಾಂ ಬ್ರುಡ್ನೊ. ಅವರು ಮುಂದೆ ಎಸ್ಟೋನಿಯಾದ ಶಿಬಿರದಲ್ಲಿ ಸತ್ತರು. ಘೆಟ್ಟೋದ ಯುವಕ ಸಂಘಕ್ಕಾಗಿ ಬರೆದ ಗೀತೆಯೊಂದು ಇದಕ್ಕೆ ತದ್ವಿರುದ್ಧ, ಹೆಜ್ಜೆ ಹಾಕುತ್ತಾ ಹಾಡುವಂಥದ್ದು.

ಅದೇ ವಸಂತದಲ್ಲಿ ವಾರ್ಸಾ ಘೆಟ್ಟೋದ ಯಹೂದಿಗಳು ದಂಗೆ ಎದ್ದ ಸುದ್ದಿ ವಿಲ್ನಾ ತಲುಪಿತು. 20ರ ಆಸುಪಾಸಿನ ಕವಿ ಹಿರ್ಷ್ ಗ್ಲಿಕ್ ಹೊಸದೊಂದು ಕವಿತೆ ಬರೆದು ಕಚೆರ್ಗಿನ್ಸ್ಕಿಗೆ ಹಾಡಿ ತೋರಿಸಿದರು. ಧಾಟಿ ಸೋವಿಯತ್ ಸಂಗೀತಗಾರರಾದ ಪೊಕ್ರಾಸ್ ಸಹೋದರರದು. ನಮ್ಮಲ್ಲಿ ಲಾವಣಿ, ತತ್ವಪದಗಳ ಮೇಲೆ ಇಂಥ ಹಾಡಿನ ಧಾಟಿ ಎಂದು ಅಚ್ಚು ಹಾಕುವುದನ್ನು ನೋಡಿದವರಿಗೆ ಈ ಪದ್ಧತಿ ಹೊಸದಲ್ಲ. ಜನರಿಗೆ ಗೊತ್ತಿರುವ ರಾಗವಾದರೆ ಹಾಡು ಬೇಗ ಹರಡುತ್ತದೆ. ಸ್ವರಲಿಪಿ ಬೇಡ, ಕಾಗದವೂ ಬೇಡ. ಎಫ್‌ಪಿಒ ಅದನ್ನು ತನ್ನ ಗೀತೆಯಾಗಿ ಸ್ವೀಕರಿಸಿತು. ಇಂದು ಜಗತ್ತಿನೆಲ್ಲೆಡೆ ಹೋಲೋಕಾಸ್ಟ್ ಸ್ಮರಣೆಯಲ್ಲಿ ಜನ ಎದ್ದುನಿಂತು ಹಾಡುವ 'ಪಾರ್ಟಿಸಾನರ ಗೀತೆ' ಅದೇ. ಅಮೆರಿಕದ ಗಾಯಕ ಪಾಲ್ ರಾಬ್ಸನ್ 1949ರಲ್ಲಿ ಮಾಸ್ಕೋದ ವೇದಿಕೆಯಲ್ಲಿ ಇದನ್ನು ಯಿಡ್ಡಿಷ್‌ನಲ್ಲೇ ಹಾಡಿದರು. ಸ್ಟಾಲಿನ್ ಆಡಳಿತ ಯಹೂದಿ ಬರಹಗಾರರನ್ನು ಜೈಲಿಗೆ ತಳ್ಳುತ್ತಿದ್ದ ದಿನಗಳವು.

ಗ್ಲಿಕ್‌ಗೆ ಇದ್ಯಾವುದನ್ನೂ ನೋಡುವ ಭಾಗ್ಯ ಇರಲಿಲ್ಲ. ಅವರನ್ನು ಎಸ್ಟೋನಿಯಾದ ಶಿಬಿರಕ್ಕೆ ಒಯ್ದರು. 1944ರಲ್ಲಿ ಅಲ್ಲಿಂದ ತಪ್ಪಿಸಿಕೊಂಡವರು ಮತ್ತೆ ಪತ್ತೆಯಾಗಲಿಲ್ಲ.

ನಾಯಕನ ಶರಣಾಗತಿ

1943ರ ಜುಲೈ 16ರ ಘಟನೆಯನ್ನು ಕಚೆರ್ಗಿನ್ಸ್ಕಿ ಎಂದೂ ಮರೆಯಲಿಲ್ಲ. ಎಫ್‌ಪಿಒ ನಾಯಕ ಇಟ್ಸಿಕ್ ವಿಟೆನ್‌ಬರ್ಗ್ ಅವರನ್ನು ಒಪ್ಪಿಸದಿದ್ದರೆ ಇಡೀ ಘೆಟ್ಟೋ ನಾಶ ಎಂದು ಜರ್ಮನ್ನರು ಬೆದರಿಸಿದರು. ಹೆದರಿದ ಜನ ಹೋರಾಟಗಾರರ ವಿರುದ್ಧವೇ ತಿರುಗಿಬಿದ್ದರು. ಸ್ವಂತ ಜನರ ಮೇಲೆ ಗುಂಡು ಹಾರಿಸಬೇಕೆ? ವಿಟೆನ್‌ಬರ್ಗ್ ತಾವೇ ಶರಣಾದರು, ಗೆಸ್ಟಾಪೊ ವಶದಲ್ಲಿ ಸತ್ತರು. ಕಚೆರ್ಗಿನ್ಸ್ಕಿ ಅದನ್ನು ಕಥನಗೀತೆಯಾಗಿ ಬರೆದರು. ಯಾರಿಗೂ ಹೆಮ್ಮೆ ತರದ ಆ ದಿನವನ್ನು ಮುಚ್ಚಿಡಲಿಲ್ಲ ಎಂಬುದೇ ಆ ಹಾಡಿನ ದೊಡ್ಡತನ.

ಸೆಪ್ಟೆಂಬರ್‌ನಲ್ಲಿ ಘೆಟ್ಟೋ ಖಾಲಿಯಾಯಿತು. ಅದಕ್ಕೂ ಕೆಲವೇ ದಿನ ಮೊದಲು ಕಚೆರ್ಗಿನ್ಸ್ಕಿ, ಸುಟ್ಸ್‌ಕೆವರ್ ನರೊಚ್ ಕಾಡಿಗೆ ಪಾರಾದರು. ಅಲ್ಲಿ ಸೋವಿಯತ್ ಪಾರ್ಟಿಸಾನ್ ಪಡೆಗಳಿದ್ದವು. ಆದರೆ ಯಹೂದಿಗಳ ಪ್ರತ್ಯೇಕ ತುಕಡಿಯನ್ನು ಅವರು ವಿಸರ್ಜಿಸಿ, ಹಲವರ ಆಯುಧ ಕಿತ್ತುಕೊಂಡರು. ಹುಡುಗನಾಗಿದ್ದಾಗಿನಿಂದ ಕಮ್ಯುನಿಸಂ ನಂಬಿದ್ದ ಕಚೆರ್ಗಿನ್ಸ್ಕಿಗೆ ಬಿದ್ದ ಮೊದಲ ಪೆಟ್ಟದು.

ಎರಡನೇ ಸಲ ಕಳ್ಳಸಾಗಣೆ

1944ರ ಜುಲೈನಲ್ಲಿ ವಿಲ್ನಾ ವಿಮೋಚನೆಯಾಯಿತು. ಕಚೆರ್ಗಿನ್ಸ್ಕಿ ಊರಿಗೆ ಮರಳಿದಾಗ ಯಿವೋ ಕಟ್ಟಡ ಪಾಳುಬಿದ್ದಿತ್ತು. ಘೆಟ್ಟೋದ ಅಡಗುತಾಣಗಳನ್ನು ಅಗೆದು ಪುಸ್ತಕಗಳನ್ನು ಹೊರತೆಗೆದರು, ಗೆಳೆಯರೊಂದಿಗೆ ಯಹೂದಿ ಮ್ಯೂಸಿಯಂ ತೆರೆದರು. ಆದರೆ ಹೊಸ ಸರ್ಕಾರಕ್ಕೂ ಇದು ಬೇಡವಾಗಿತ್ತು. ಯುದ್ಧದಲ್ಲಿ ಉಳಿದ ಯಿವೋ ಕಾಗದಗಳ ರಾಶಿಯನ್ನು ಸೋವಿಯತ್ ಅಧಿಕಾರಿಗಳೂ ರದ್ದಿಗೆ ಕಳಿಸಿದರು. ನಾಜಿಗಳಿಂದ ಉಳಿಸಿದ್ದನ್ನು ಈಗ ವಿಮೋಚಕರಿಂದ ಉಳಿಸಬೇಕಾದ ಸ್ಥಿತಿ! ಕಚೆರ್ಗಿನ್ಸ್ಕಿ ದೇಶ ಬಿಡುವ ಮುನ್ನ ತಮ್ಮದೇ ಮ್ಯೂಸಿಯಂನಿಂದ ದಾಖಲೆಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿದರು. ಆ ಅನುಭವದ ಪುಸ್ತಕಕ್ಕೆ ಇಟ್ಟ ಹೆಸರು 'ಸುತ್ತಿಗೆ ಮತ್ತು ಕುಡುಗೋಲಿನ ನಡುವೆ'.

ಲೋಡ್ಜ್, ಪ್ಯಾರಿಸ್, ಜರ್ಮನಿಯ ನಿರಾಶ್ರಿತರ ಶಿಬಿರಗಳು... ಹೋದಲ್ಲೆಲ್ಲ ಅವರು ಬದುಕುಳಿದವರನ್ನು ಕೂರಿಸಿಕೊಂಡು ಹಾಡಿಸಿದರು. ಪದ, ಧಾಟಿ, ಬರೆದವರ ಹೆಸರು, ಅವರಿಗೆ ಏನಾಯಿತು ಎಂಬುದನ್ನೆಲ್ಲ ಟಿಪ್ಪಣಿ ಮಾಡಿಕೊಂಡರು. ಕಾವ್ಯವಾಗಿ ಸೊರಗಿದ ಹಾಡುಗಳನ್ನೂ ಬಿಡಲಿಲ್ಲ. 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಹೊರಬಂದ ಸಂಕಲನದಲ್ಲಿ ಘೆಟ್ಟೋ ಮತ್ತು ಶಿಬಿರಗಳ 200ಕ್ಕೂ ಹೆಚ್ಚು ಹಾಡುಗಳಿವೆ, ಸುಮಾರು 100 ರಾಗಗಳಿವೆ. ಮ್ಯೂನಿಕ್‌ನಲ್ಲಿ ಅವರೇ ಹಾಡಿದ ಕೆಲವು ಹಾಡುಗಳ ಧ್ವನಿಮುದ್ರಣವೂ ಉಳಿದಿದೆ.

1950ರಲ್ಲಿ ಎರಡನೇ ಪತ್ನಿ ಮತ್ತು ಮಗಳೊಂದಿಗೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನೆಲೆಸಿದರು. 1954ರ ಏಪ್ರಿಲ್‌ನಲ್ಲಿ ಮೆಂಡೋಜಾ ನಗರದಲ್ಲಿ ಉಪನ್ಯಾಸ ಮುಗಿಸಿ ಹೊರಟ ಅವರ ವಿಮಾನ ಪತನವಾಯಿತು. ಆಗ ವಯಸ್ಸು 45.

ವಿಲ್ನಾದಲ್ಲಿ ಬಿಟ್ಟುಬಂದ ಉಳಿದ ಕಾಗದಗಳು ನಾಶವಾದವು ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ಅಂಟಾನಸ್ ಉಲ್ಪಿಸ್ ಎಂಬ ಲಿಥುವೇನಿಯಾದ ಗ್ರಂಥಪಾಲಕರು ಅವುಗಳಲ್ಲಿ ಬಹಳಷ್ಟನ್ನು ಹಳೆಯ ಚರ್ಚೊಂದರಲ್ಲಿ ಅಧಿಕಾರಿಗಳಿಗೆ ತಿಳಿಯದಂತೆ ಇಟ್ಟುಕೊಂಡಿದ್ದರು. ಆ ಸುದ್ದಿ ಹೊರಬಂದದ್ದು 1980ರ ದಶಕದ ಕೊನೆಯಲ್ಲಿ, ಕಚೆರ್ಗಿನ್ಸ್ಕಿ ತೀರಿಕೊಂಡು ಮೂರು ದಶಕ ಕಳೆದ ಮೇಲೆ.